ಜಪಾನ್ ದೇಶದಲ್ಲಿ ನೆಲೆಸಲಿರುವ ನಾಗರಿಕರಿಗೆ ಭೂಕಂಪ ಹಾಗೂ ಇತರ ನೈಸರ್ಗಿಕ ವಿಪತ್ತುಗಳ ಕುರಿತು ಮಾಹಿತಿ

ಉದ್ಯೋಗ, ವ್ಯಾಸಂಗ ಅಥವಾ ತಾಂತ್ರಿಕ ತರಬೇತಿಯ ನಿಮಿತ್ತ ಜಪಾನ್ ದೇಶಕ್ಕೆ ತೆರಳುವ ರಾಜ್ಯದ ನಾಗರಿಕರು ಹಾಗೂ ಊರಿನಲ್ಲಿ ಉಳಿಯುವ ಅವರ ಕುಟುಂಬದವರ ಉಪಯೋಗಕ್ಕಾಗಿ ಈ ಮಾಹಿತಿಯನ್ನು ಪ್ರಕಟಿಸಲಾಗಿದೆ. ವೀಸಾ, ಉದ್ಯೋಗ ಒಪ್ಪಂದ ಮತ್ತು ಭಾಷಾ ಪರೀಕ್ಷೆಗಳ ವಿಷಯ ಇದರಲ್ಲಿ ಸೇರಿರುವುದಿಲ್ಲ.

ಪ್ರಸ್ತಾವನೆ

ಜಪಾನಿನಲ್ಲಿ ಭೂಕಂಪವಾಗುತ್ತದೆಯಂತೆ, ಮಕ್ಕಳನ್ನು ಕಳುಹಿಸಬಹುದೇ ಎಂದು ಪೋಷಕರು ಈ ಶಾಖೆಯಲ್ಲಿ ಪದೇ ಪದೇ ವಿಚಾರಿಸುತ್ತಾರೆ. ಕಳುಹಿಸುವುದು ಬಿಡುವುದು ಕುಟುಂಬದ ನಿರ್ಧಾರಕ್ಕೆ ಸೇರಿದ ವಿಷಯ. ಹೋಗುವವರು ಏನನ್ನು ತಿಳಿದಿರಬೇಕು, ಯಾವ ಕಾಗದಪತ್ರಗಳನ್ನು ಹೊಂದಿಸಿಕೊಂಡಿರಬೇಕು ಎಂಬುದನ್ನು ತಿಳಿಸುವುದು ಮಾತ್ರ ಈ ಪುಟದ ಉದ್ದೇಶ.

ಒಂದು ಅಂಶವನ್ನು ಆರಂಭದಲ್ಲಿಯೇ ಸ್ಪಷ್ಟಪಡಿಸುವುದು ಸೂಕ್ತ. ಜಪಾನಿನಲ್ಲಿ ವಿಪತ್ತು ಪರಿಹಾರದ ಹೊಣೆಯನ್ನು ಮೊದಲ ಹಂತದಲ್ಲಿ ನಿರ್ವಹಿಸುವುದು ಸ್ಥಳೀಯ ಪೌರ ಸಂಸ್ಥೆ. ಆಶ್ರಯ ಸ್ಥಳದ ಮಾಹಿತಿ, ಮನೆ ಹಾನಿಯ ಪ್ರಮಾಣಪತ್ರ, ಸಹಾಯಧನ, ನಿವಾಸಿಗಳ ಕ್ಷೇಮದ ವಿಚಾರಣೆ ಇವೆಲ್ಲವೂ ಆ ಕಛೇರಿಯಲ್ಲಿ ದಾಖಲಾಗಿರುವ ವಿಳಾಸವನ್ನು ಆಧರಿಸಿ ನಡೆಯುತ್ತವೆ. ಆದುದರಿಂದ ಭೂಮಿ ನಡುಗುವ ಸಮಯದಲ್ಲಿ ಹೇಗೆ ವರ್ತಿಸಬೇಕೆಂಬ ತಿಳುವಳಿಕೆಯಷ್ಟೇ, ತಮ್ಮ ವಿಳಾಸವು ನಾಲ್ಕು ಕಡೆಗಳಲ್ಲಿ, ಅಂದರೆ ಪೌರ ಕಛೇರಿ, ಉದ್ಯೋಗದಾತರು, ಭಾರತೀಯ ರಾಯಭಾರ ಕಛೇರಿ ಹಾಗೂ ಊರಿನ ಮನೆಯಲ್ಲಿ, ಒಂದೇ ರೀತಿಯಾಗಿ ದಾಖಲಾಗಿರುವುದೂ ಮುಖ್ಯ. ಮೊದಲನೆಯದರ ಬಗ್ಗೆ ಎಲ್ಲರೂ ಕೇಳುತ್ತಾರೆ. ಎರಡನೆಯದರ ಬಗ್ಗೆ ಕೇಳುವವರು ವಿರಳ.

ವಿಪತ್ತಿನ ಸ್ವರೂಪ

ಜಪಾನ್ ದ್ವೀಪಗಳು ನಾಲ್ಕು ಭೂಫಲಕಗಳು ಸಂಧಿಸುವ ಸ್ಥಳದಲ್ಲಿವೆ. ಸಣ್ಣ ಕಂಪನಗಳು ಅಲ್ಲಿ ದಿನನಿತ್ಯದ ಸಂಗತಿ. ದೊಡ್ಡ ಭೂಕಂಪಗಳಲ್ಲಿ ಜನರು ಮರಣ ಹೊಂದಿದ ಕಾರಣಗಳು ಪ್ರತಿ ಬಾರಿಯೂ ಒಂದೇ ಆಗಿರಲಿಲ್ಲ ಎಂಬುದನ್ನು ಗಮನಿಸಬೇಕು. 1923ರ ಸೆಪ್ಟೆಂಬರ್ 1ರಂದು ಟೋಕಿಯೋ ಮತ್ತು ಯೊಕೊಹಾಮಾ ಪ್ರದೇಶದಲ್ಲಿ ಸಂಭವಿಸಿದ ಭೂಕಂಪದಲ್ಲಿ ಮೃತಪಟ್ಟ ಹಾಗೂ ಕಾಣೆಯಾದ ಲಕ್ಷಕ್ಕೂ ಹೆಚ್ಚು ಜನರ ಪೈಕಿ ಬಹುಪಾಲು ಜನರು ಬೆಂಕಿಗೆ ಬಲಿಯಾದರು. ಮಧ್ಯಾಹ್ನದ ಅಡುಗೆಯ ವೇಳೆಯಾಗಿದ್ದರಿಂದ ಮನೆಮನೆಯಲ್ಲಿ ಒಲೆ ಉರಿಯುತ್ತಿತ್ತು. 1995ರ ಜನವರಿ 17ರ ಮುಂಜಾನೆ 5 ಗಂಟೆ 46 ನಿಮಿಷಕ್ಕೆ ಕೋಬೆ ನಗರ ಮತ್ತು ಸುತ್ತಮುತ್ತ ಸಂಭವಿಸಿದ ಭೂಕಂಪದಲ್ಲಿ 6,434 ಜನರು ಮೃತಪಟ್ಟರು. ಇವರಲ್ಲಿ ಹೆಚ್ಚಿನವರು ಹಳೆಯ ಮನೆಗಳು ಹಾಗೂ ಭಾರವಾದ ಕಪಾಟುಗಳ ಅಡಿಯಲ್ಲಿ ಸಿಲುಕಿದವರು. 2011ರ ಮಾರ್ಚ್ 11ರಂದು ಈಶಾನ್ಯ ಕರಾವಳಿಯಲ್ಲಿ 9.0 ಪ್ರಮಾಣದ ಭೂಕಂಪವಾದಾಗ ಸುಮಾರು 15,900 ಜನರು ಮೃತಪಟ್ಟು, ಸುಮಾರು 2,500 ಜನರು ಕಾಣೆಯಾದರು. ಮೃತರಲ್ಲಿ ಶೇಕಡ 90ಕ್ಕೂ ಹೆಚ್ಚು ಜನರ ಸಾವಿಗೆ ಕಾರಣ ಸುನಾಮಿಯ ನೀರು.

ಆದುದರಿಂದ ತಾವು ವಾಸಿಸುವ ಸ್ಥಳದಲ್ಲಿ ಅಪಾಯ ಯಾವುದು, ಬೆಂಕಿಯೇ, ಕಟ್ಟಡವೇ, ನೀರೇ ಎಂಬುದನ್ನು ಮೊದಲು ತಿಳಿಯತಕ್ಕದ್ದು. ಇದನ್ನು ತೋರಿಸುವ ಅಪಾಯ ನಕ್ಷೆಯನ್ನು ಅಲ್ಲಿನ ಪೌರ ಸಂಸ್ಥೆಗಳು ಸಿದ್ಧಪಡಿಸಿ ನಿವಾಸಿಗಳಿಗೆ ಉಚಿತವಾಗಿ ಒದಗಿಸುತ್ತವೆ. 2018ರ ಜುಲೈ ತಿಂಗಳ ಅತಿವೃಷ್ಟಿಯಲ್ಲಿ ಕುರಾಶಿಕಿ ನಗರದ ಮಾಬಿ ಎಂಬಲ್ಲಿ 50ಕ್ಕೂ ಹೆಚ್ಚು ಜನರು ಮೃತಪಟ್ಟರು. ಅಲ್ಲಿ ಮುಳುಗಿದ ಪ್ರದೇಶವು ಮೊದಲೇ ಪ್ರಕಟವಾಗಿದ್ದ ನಕ್ಷೆಯಲ್ಲಿ ಬಣ್ಣ ಹಚ್ಚಿ ತೋರಿಸಿದ ಪ್ರದೇಶಕ್ಕೆ ಬಹುತೇಕ ಹೊಂದಿಕೆಯಾಗಿತ್ತು. ಭಾರತೀಯರು ಹೆಚ್ಚಾಗಿ ನೆಲೆಸಿರುವ ನಿಶಿ ಕಸಾಯಿ ಬಡಾವಣೆಯು ಟೋಕಿಯೋದ ಎದೊಗಾವಾ ವಾರ್ಡಿಗೆ ಸೇರಿದೆ. ಈ ವಾರ್ಡಿನ ಬಹುಭಾಗ ಉಬ್ಬರದ ಸಮುದ್ರಮಟ್ಟಕ್ಕಿಂತ ಕೆಳಗಿದೆ. ದೊಡ್ಡ ಪ್ರವಾಹದ ಮುನ್ಸೂಚನೆ ಇದ್ದಾಗ ವಾರ್ಡಿನಲ್ಲಿಯೇ ಉಳಿಯಬಾರದೆಂದು ಅಲ್ಲಿನ ಆಡಳಿತವು 2019ರಲ್ಲಿ ನಕ್ಷೆಯ ಮುಖಪುಟದಲ್ಲಿಯೇ ಮುದ್ರಿಸಿ ಹಂಚಿತು. ಬಾಡಿಗೆ, ಶಾಲೆ, ದಿನಸಿ ಅಂಗಡಿ ಇವುಗಳನ್ನು ವಿಚಾರಿಸಿ ಮನೆ ಹಿಡಿಯುವವರು ಈ ನಕ್ಷೆಯನ್ನೂ ಒಮ್ಮೆ ಬಿಡಿಸಿ ನೋಡುವುದು ಒಳ್ಳೆಯದು.

ಭೂಕಂಪದ ಅಳತೆಯ ಬಗ್ಗೆ ಒಂದು ಮಾತು. ನಮ್ಮ ಪತ್ರಿಕೆಗಳಲ್ಲಿ ಬರುವ 7.3, 9.0 ಮುಂತಾದ ಅಂಕಿಗಳು ಭೂಕಂಪದ ಒಟ್ಟು ಬಲವನ್ನು ತಿಳಿಸುತ್ತವೆ. ಜಪಾನಿನಲ್ಲಿ ಇದಲ್ಲದೆ ‘ಶಿಂದೊ’ ಎಂಬ ಇನ್ನೊಂದು ಅಳತೆ ಬಳಕೆಯಲ್ಲಿದೆ. ಇದು ಆಯಾ ಊರಿನಲ್ಲಿ ನೆಲ ಎಷ್ಟು ಅಲುಗಿತೆಂಬುದನ್ನು ಸೂಚಿಸುತ್ತದೆ. ತಮಟೆ ಒಂದೇ ಆದರೂ ಹತ್ತಿರದವರಿಗೆ ಕೇಳಿದಷ್ಟು ಸದ್ದು ದೂರದವರಿಗೆ ಕೇಳಿಸದು, ಇದೂ ಹಾಗೆಯೇ. ಶಿಂದೊ 0ಯಿಂದ 7ರವರೆಗೆ ಇದ್ದು, 5 ಮತ್ತು 6ನ್ನು ತಲಾ ಎರಡಾಗಿ ವಿಭಾಗಿಸಿರುವುದರಿಂದ ಒಟ್ಟು ಹತ್ತು ಹಂತಗಳಿವೆ. 2011ರಲ್ಲಿ ಮಿಯಾಗಿ ಪ್ರಾಂತದಲ್ಲಿ ಗರಿಷ್ಠ ಶಿಂದೊ 7 ದಾಖಲಾದರೆ, ಟೋಕಿಯೋ ನಗರದಲ್ಲಿ ದಾಖಲಾದುದು 5ರ ಮೇಲಿನ ಹಂತ. ಸುದ್ದಿ ಕೇಳಿದ ಕುಟುಂಬದವರು ತಮ್ಮವರು ಇರುವ ಊರಿನ ಶಿಂದೊ ಎಷ್ಟು ಎಂಬುದನ್ನು ವಿಚಾರಿಸಬೇಕು.

ವಿಳಾಸ ಮತ್ತು ಹೆಸರಿನ ದಾಖಲೆ

ಮೂರು ತಿಂಗಳಿಗೆ ಮೀರಿದ ವಾಸಕ್ಕೆ ಅನುಮತಿ ಪಡೆದವರಿಗೆ ಪ್ರಮುಖ ವಿಮಾನ ನಿಲ್ದಾಣಗಳಲ್ಲಿಯೇ ‘ಜೈರ್ಯೂ ಕಾಡೊ’ ಎಂಬ ನಿವಾಸದ ಗುರುತಿನ ಚೀಟಿಯನ್ನು ನೀಡಲಾಗುತ್ತದೆ. 16 ವರ್ಷ ಮೇಲ್ಪಟ್ಟವರು ಇದನ್ನು ಸದಾ ತಮ್ಮೊಡನೆ ಇಟ್ಟುಕೊಂಡಿರಬೇಕು. ವಾಸದ ಸ್ಥಳ ನಿಗದಿಯಾದ 14 ದಿನಗಳೊಳಗೆ ಈ ಚೀಟಿಯೊಂದಿಗೆ ಪೌರ ಕಛೇರಿಗೆ ಹೋಗಿ ವಿಳಾಸವನ್ನು ನೋಂದಾಯಿಸತಕ್ಕದ್ದು. ಚೀಟಿಯ ಮೇಲೆ ವಿಳಾಸ ನಮೂದಾಗುತ್ತದೆ ಹಾಗೂ ‘ಜೂಮಿನ್‌ಹ್ಯೋ’ ಎಂಬ ನಿವಾಸಿಗಳ ದಾಖಲೆಯಲ್ಲಿ ಹೆಸರು ಸೇರುತ್ತದೆ. ಬೇರೆ ಊರಿಗೆ ಸ್ಥಳಾಂತರಗೊಳ್ಳುವಾಗ ಹಳೆಯ ಕಛೇರಿಯಲ್ಲಿ ನಿರ್ಗಮನವನ್ನೂ, ಹೊಸ ಊರನ್ನು ಸೇರಿದ 14 ದಿನಗಳೊಳಗೆ ಅಲ್ಲಿ ಆಗಮನವನ್ನೂ ದಾಖಲಿಸಬೇಕು. ಸಕಾರಣವಿಲ್ಲದೆ 90 ದಿನಗಳವರೆಗೆ ವಿಳಾಸ ತಿಳಿಸದಿದ್ದಲ್ಲಿ ವಾಸದ ಅನುಮತಿಯೇ ರದ್ದಾಗಬಹುದು.

ಕಂಪನಿಯ ವಸತಿಗೃಹದಲ್ಲಿ ಇರುವವರು, ಅದರಲ್ಲಿಯೂ ತರಬೇತಿಗಾಗಿ ಹೋದವರು, ಈ ಕೆಲಸವನ್ನು ಸಂಸ್ಥೆಯವರೇ ಮಾಡಿರುತ್ತಾರೆಂದು ಭಾವಿಸುವುದುಂಟು. ಸಂಸ್ಥೆಯವರು ನೆರವಾಗಬಹುದು. ಆದರೆ ಚೀಟಿಯ ಮೇಲೆ ನಮೂದಾಗಿರುವ ವಿಳಾಸ ತಾವು ಮಲಗುವ ಕೋಣೆಯದೇ ಹೌದೇ ಎಂಬುದನ್ನು ಪರಿಶೀಲಿಸುವ ಹೊಣೆ ತಮ್ಮದೇ ಆಗಿರುತ್ತದೆ. ಸ್ನೇಹಿತರ ಕೋಣೆಯಲ್ಲಿ ತಂಗಿ, ಹಳೆಯ ವಿಳಾಸವನ್ನೇ ಮುಂದುವರಿಸುವವರ ಸ್ಥಿತಿ ವಿಪತ್ತಿನ ಕಾಲದಲ್ಲಿ ಕಷ್ಟಕರ. ಆಶ್ರಯ ಕೇಂದ್ರಗಳು ರಾಷ್ಟ್ರೀಯತೆಯನ್ನು ನೋಡದೆ ಎಲ್ಲರಿಗೂ ತೆರೆದಿರುತ್ತವೆ. ಅನ್ನ ನೀರಿಗೆ ವಿಳಾಸದ ಅಡ್ಡಿ ಇಲ್ಲ. ಆದರೆ ತಿಂಗಳ ನಂತರ ಸಹಾಯಧನಕ್ಕೆ ಅರ್ಜಿ ಸಲ್ಲಿಸುವಾಗ, ಬಿದ್ದ ಮನೆಯಲ್ಲಿ ತಾವು ವಾಸಿಸುತ್ತಿದ್ದಿರೆಂಬುದಕ್ಕೆ ದಾಖಲೆ ಕೇಳಲಾಗುತ್ತದೆ.

ಭಾರತೀಯ ರಾಯಭಾರ ಕಛೇರಿಯಲ್ಲಿ ನೋಂದಣಿ ಮಾಡಿಸುವುದು ಸ್ವಯಂಪ್ರೇರಿತ. ಜಪಾನ್ ದೇಶವು ಭಾರತ ಸರ್ಕಾರದ ವಲಸೆ ಅನುಮತಿ ಕಡ್ಡಾಯವಾಗಿರುವ ದೇಶಗಳ ಪಟ್ಟಿಯಲ್ಲಿ ಇಲ್ಲದಿರುವುದರಿಂದ, ಅಲ್ಲಿಗೆ ಹೋದವರ ವಿಳಾಸ ನಮ್ಮ ಯಾವ ಸರ್ಕಾರಿ ಕಛೇರಿಗೂ ತಾನಾಗಿ ತಲುಪುವುದಿಲ್ಲ. ತಾವು ತಿಳಿಸಿದರೆ ಮಾತ್ರ ಅವರಿಗೆ ಗೊತ್ತಾಗುತ್ತದೆ. ಟೋಕಿಯೋದಲ್ಲಿ ರಾಯಭಾರ ಕಛೇರಿಯೂ, ಒಸಾಕಾದಲ್ಲಿ ಪ್ರಧಾನ ಕಾನ್ಸುಲೇಟ್ ಕಛೇರಿಯೂ ಇವೆ. ತಮ್ಮ ಪ್ರಾಂತ ಯಾವ ಕಛೇರಿಯ ವ್ಯಾಪ್ತಿಗೆ ಬರುತ್ತದೆಂಬುದನ್ನು ತಿಳಿದು ಅಲ್ಲಿ ನೋಂದಾಯಿಸುವುದು.

ಹೆಸರಿನ ವಿಷಯ ಇದಕ್ಕಿಂತ ಸೂಕ್ಷ್ಮ. ನಮ್ಮ ರಾಜ್ಯದಲ್ಲಿ ಹೆಸರಿನ ಮುಂದೆ ಊರಿನ ಹಾಗೂ ತಂದೆಯ ಇನಿಷಿಯಲ್ ಬರೆಯುವುದು ರೂಢಿ. ಪಾಸ್‌ಪೋರ್ಟ್‌ನಲ್ಲಿ ಅದು ಬಿಡಿಸಿ ಬರೆದ ರೂಪದಲ್ಲಿರುತ್ತದೆ. ಅಂಕಪಟ್ಟಿಯಲ್ಲಿ ಒಂದು ಬಗೆ, ಜನನ ಪ್ರಮಾಣಪತ್ರದಲ್ಲಿ ಇನ್ನೊಂದು ಬಗೆ. ಜಪಾನಿನಲ್ಲಿ ಇದರ ಜೊತೆಗೆ ವಿದೇಶೀ ಹೆಸರುಗಳನ್ನು ‘ಕತಾಕನಾ’ ಲಿಪಿಯಲ್ಲಿ ಬರೆಯಲಾಗುತ್ತದೆ. ಆ ಲಿಪಿಯಲ್ಲಿ ‘ಲ’ಕಾರ ‘ರ’ಕಾರಗಳ ಭೇದವಿಲ್ಲ, ಒತ್ತಕ್ಷರವನ್ನು ಬಿಡಿಸಿ ಬರೆಯುತ್ತಾರೆ. ಲಕ್ಷ್ಮಿ ಎಂಬ ಹೆಸರು ‘ರಾಕುಶುಮಿ’ ಎಂದಾಗುತ್ತದೆ. ಮಂಜುನಾಥ್ ಎಂಬ ಹೆಸರನ್ನು ಒಂದು ಕಡೆ ‘ಮಾಂಜುನಾತೊ’ ಎಂದೂ, ಇಂಗ್ಲಿಷ್ ಕಾಗುಣಿತವನ್ನು ನೋಡಿ ಬರೆದವರು ಇನ್ನೊಂದು ಕಡೆ ‘ಮಾಂಜುನಾಸು’ ಎಂದೂ ಬರೆಯುವ ಸಾಧ್ಯತೆಯಿದೆ. ಬ್ಯಾಂಕಿನಲ್ಲಿ ಒಂದು, ಆಸ್ಪತ್ರೆಯಲ್ಲಿ ಒಂದು, ಆಶ್ರಯ ಕೇಂದ್ರದ ಕೈಬರಹದ ಪಟ್ಟಿಯಲ್ಲಿ ಮತ್ತೊಂದು ಎಂದಾದಲ್ಲಿ ಹುಡುಕುವವರಿಗೆ ಅದೇ ವ್ಯಕ್ತಿ ಮೂರು ಜನರಾಗಿ ಕಾಣುತ್ತಾರೆ. ಮೊದಲ ಬಾರಿ ಬ್ಯಾಂಕ್ ಖಾತೆ ತೆರೆಯುವಾಗಲೇ ಒಂದು ರೂಪವನ್ನು ನಿಶ್ಚಯಿಸಿಕೊಂಡು, ಎಲ್ಲ ಕಡೆಗಳಲ್ಲಿಯೂ ಅದನ್ನೇ ಬಳಸುವುದು ಹಾಗೂ ಅದನ್ನು ಬರೆದು ಊರಿಗೆ ಕಳುಹಿಸುವುದು.

ಊರಿನ ಮನೆಯಲ್ಲಿ ಇರಿಸಬೇಕಾದ ಹಾಳೆ

ತಂದೆ ತಾಯಿಗಳಿಗೆ ಮಗ ಅಥವಾ ಮಗಳು ‘ಜಪಾನಿನಲ್ಲಿ’ ಇದ್ದಾರೆಂಬುದಷ್ಟೇ ತಿಳಿದಿದ್ದು, ಊರಿನ ಹೆಸರೂ ಗೊತ್ತಿಲ್ಲದಿದ್ದರೆ ಯಾವ ಕಛೇರಿಯಿಂದಲೂ ಅವರಿಗೆ ನೆರವಾಗುವುದು ಕಷ್ಟ. ಉತ್ತರದ ಸಪ್ಪೊರೊ ನಗರದಿಂದ ದಕ್ಷಿಣದ ಫುಕುಒಕಾ ನಗರಕ್ಕೆ ನೇರ ಅಂತರವೇ ಸುಮಾರು 1,400 ಕಿಲೋಮೀಟರ್. ಅಂದರೆ ಬೆಂಗಳೂರಿನಿಂದ ಭೋಪಾಲವನ್ನು ದಾಟುವಷ್ಟು ದೂರ. ಒಂದು ತುದಿಯಲ್ಲಿ ಭೂಕಂಪವಾದರೆ ಇನ್ನೊಂದು ತುದಿಯಲ್ಲಿ ಸುಳಿವೂ ಸಿಗದಿರಬಹುದು.

ಆದುದರಿಂದ ಪ್ರಯಾಣಕ್ಕೆ ಮುನ್ನ ಅಥವಾ ಮನೆ ನಿಗದಿಯಾದ ಕೂಡಲೇ ಒಂದು ಹಾಳೆಯನ್ನು ಸಿದ್ಧಪಡಿಸಿ ಮನೆಯವರಿಗೆ ನೀಡುವುದು. ಅದರಲ್ಲಿ ಪಾಸ್‌ಪೋರ್ಟ್ ಸಂಖ್ಯೆ ಹಾಗೂ ಅದರಲ್ಲಿರುವಂತೆ ಹೆಸರು, ಕತಾಕನಾ ರೂಪದ ಹೆಸರು, ಜಪಾನಿ ಲಿಪಿಯಲ್ಲಿಯೇ ಬರೆಸಿದ ಮನೆಯ ಹಾಗೂ ಕೆಲಸದ ಸ್ಥಳದ ವಿಳಾಸ, ಪ್ರಾಂತ ಮತ್ತು ನಗರದ ಹೆಸರು ಕನ್ನಡದಲ್ಲಿ, ಉದ್ಯೋಗದಾತರ ದೂರವಾಣಿ, ಅಲ್ಲಿರುವ ಇಬ್ಬರು ಪರಿಚಿತರ ದೂರವಾಣಿ, ರಾಯಭಾರ ಕಛೇರಿಯ ನೋಂದಣಿ ವಿವರ ಹಾಗೂ ವಿಮಾ ಪಾಲಿಸಿಯ ಸಂಖ್ಯೆ ಇರತಕ್ಕದ್ದು. ಮೊಬೈಲ್‌ನಲ್ಲಿ ಇದೆ ಎಂದು ಬಿಡಬಾರದು. ಕಾಗದದ ಮೇಲೆ ಇರಬೇಕು. ವಿಳಾಸ ಬದಲಾದಾಗ ಹಳೆಯ ಹಾಳೆಯನ್ನು ಹರಿದುಹಾಕಿ ಹೊಸದನ್ನು ಇರಿಸುವುದು.

ಇದರ ಜೊತೆಗೆ ಜನನ ಪ್ರಮಾಣಪತ್ರ ಹಾಗೂ ವಿವಾಹಿತರಾಗಿದ್ದಲ್ಲಿ ವಿವಾಹ ನೋಂದಣಿ ಪತ್ರಕ್ಕೆ, ರಾಜ್ಯ ಸರ್ಕಾರದ ಸಂಬಂಧಪಟ್ಟ ಪ್ರಾಧಿಕಾರದ ದೃಢೀಕರಣದ ನಂತರ, ವಿದೇಶಾಂಗ ಸಚಿವಾಲಯದಿಂದ ‘ಅಪೊಸ್ಟಿಲ್’ ಮುದ್ರೆಯನ್ನು ಪಡೆದಿರುವುದು ಉಪಯುಕ್ತ. ಭಾರತ ಹಾಗೂ ಜಪಾನ್ ಎರಡೂ ಈ ಒಪ್ಪಂದದ ಸದಸ್ಯ ರಾಷ್ಟ್ರಗಳು. ಸಂಬಂಧವನ್ನು ರುಜುವಾತುಪಡಿಸುವ ಕಾಗದಕ್ಕಾಗಿ ದುಃಖದ ಸಮಯದಲ್ಲಿ ವಯಸ್ಸಾದವರು ಕಛೇರಿಯಿಂದ ಕಛೇರಿಗೆ ಅಲೆಯುವಂತಾಗಬಾರದು.

ಮನೆ ಹಿಡಿಯುವಾಗ

ಜಪಾನಿನ ಕಟ್ಟಡ ನಿಯಮಗಳನ್ನು 1981ರ ಜೂನ್ 1ರಿಂದ ಬಿಗಿಗೊಳಿಸಲಾಗಿದೆ. ಆ ದಿನಾಂಕದ ನಂತರ ಅನುಮತಿ ಪಡೆದ ಕಟ್ಟಡವೇ ಎಂದು ವಿಚಾರಿಸುವುದು. ಮರದ ಮನೆಯಾಗಿದ್ದಲ್ಲಿ 2000ನೇ ಇಸವಿಯ ನಂತರದ್ದು ಇನ್ನೂ ಉತ್ತಮ. ಬಾಡಿಗೆ ಕರಾರಿಗೆ ಮುನ್ನ ಮನೆಯು ಪ್ರವಾಹದ ನಕ್ಷೆಯಲ್ಲಿ ಎಲ್ಲಿದೆ ಎಂಬುದನ್ನು ಮಧ್ಯವರ್ತಿ ಸಂಸ್ಥೆಯು ವಿವರಿಸಬೇಕೆಂಬ ನಿಯಮ 2020ರ ಆಗಸ್ಟ್‌ನಿಂದ ಜಾರಿಯಲ್ಲಿದೆ. ವಿವರಣೆ ಜಪಾನಿ ಭಾಷೆಯಲ್ಲಿ ವೇಗವಾಗಿ ಸಾಗುತ್ತದೆ. ತಲೆಯಾಡಿಸಿ ಮುದ್ರೆ ಒತ್ತುವ ಮುನ್ನ ನಕ್ಷೆಯ ಮೇಲೆ ಬೆರಳಿಟ್ಟು ತೋರಿಸುವಂತೆ ಕೇಳಲು ಸಂಕೋಚಪಡಬೇಕಾಗಿಲ್ಲ.

ಮಲಗುವ ಸ್ಥಳದ ಮೇಲೆ ಕಪಾಟು ಬೀಳದಂತೆ ನೋಡಿಕೊಳ್ಳುವುದು. ಬಾಡಿಗೆ ಮನೆಯ ಗೋಡೆಗೆ ಮೊಳೆ ಹೊಡೆಯಲು ಸಾಮಾನ್ಯವಾಗಿ ಅನುಮತಿ ಇರುವುದಿಲ್ಲವಾದ್ದರಿಂದ, ಕಪಾಟಿಗೂ ತಾರಸಿಗೂ ನಡುವೆ ಬಿಗಿಯುವ ಕಂಬಿಗಳು ಅಂಗಡಿಗಳಲ್ಲಿ ದೊರೆಯುತ್ತವೆ.

ಕಂಪನದ ಸಮಯದಲ್ಲಿ

ಪ್ರಬಲ ಕಂಪನವನ್ನು ನಿರೀಕ್ಷಿಸಿದಾಗ ಜಪಾನಿನ ಹವಾಮಾನ ಸಂಸ್ಥೆಯು ದೂರದರ್ಶನ ಹಾಗೂ ಮೊಬೈಲ್ ಮೂಲಕ ಮುನ್ನೆಚ್ಚರಿಕೆ ನೀಡುತ್ತದೆ. ಸಾರ್ವಜನಿಕರಿಗೆ ಈ ಸೌಲಭ್ಯ 2007ರ ಅಕ್ಟೋಬರ್‌ನಿಂದ ಇದೆ. ಎಚ್ಚರಿಕೆಗೂ ಕಂಪನಕ್ಕೂ ನಡುವೆ ಕೆಲವು ಸೆಕೆಂಡುಗಳಿಂದ ಕೆಲವು ಹತ್ತು ಸೆಕೆಂಡುಗಳ ಅಂತರ ಮಾತ್ರ ಸಿಗುತ್ತದೆ; ಕೇಂದ್ರಬಿಂದುವಿನ ಸಮೀಪದಲ್ಲಿ ಅದೂ ಸಿಗುವುದಿಲ್ಲ. ಭಾರತದಲ್ಲಿ ಖರೀದಿಸಿದ ಫೋನಿನಲ್ಲಿ ಈ ಸೂಚನೆ ಬಾರದಿರುವ ಸಾಧ್ಯತೆ ಇರುವುದರಿಂದ, ಜಪಾನ್ ಪ್ರವಾಸೋದ್ಯಮ ಸಂಸ್ಥೆಯ ‘ಸೇಫ್ಟಿ ಟಿಪ್ಸ್’ ಎಂಬ ಉಚಿತ ಆ್ಯಪನ್ನು ಅಳವಡಿಸಿಕೊಳ್ಳುವುದು. ಇದು ಇಂಗ್ಲಿಷ್ ಸೇರಿದಂತೆ ಹಲವು ಭಾಷೆಗಳಲ್ಲಿದೆ.

ಭೂಮಿ ನಡುಗಿದರೆ ಹೊರಗೆ ಓಡಬೇಕೆಂಬುದು ನಮ್ಮಲ್ಲಿ ಬೇರೂರಿದ ತಿಳುವಳಿಕೆ. 1993ರ ಸೆಪ್ಟೆಂಬರ್ 30ರ ಕಿಲ್ಲಾರಿ ಭೂಕಂಪದಲ್ಲಿ ಕಲ್ಲು ಮಣ್ಣಿನ ಗೋಡೆಗಳು ಕುಸಿದು ಸಾವಿರಾರು ಜನರು ಮೃತಪಟ್ಟುದನ್ನು ಬೀದರ್, ಕಲಬುರಗಿ ಭಾಗದ ಹಿರಿಯರು ಇಂದಿಗೂ ನೆನೆಯುತ್ತಾರೆ. ಅಂತಹ ಮನೆಗಳಿಗೆ ಆ ತಿಳುವಳಿಕೆ ಸರಿ. ಜಪಾನಿನ ಹೊಸ ಕಟ್ಟಡಗಳಲ್ಲಿ ಮಾತ್ರ ಹೊರಗೆ ಓಡುವುದೇ ಅಪಾಯಕರ. ಹೆಂಚು, ಗಾಜು, ಫಲಕಗಳು ಮೇಲಿನಿಂದ ಬೀಳುತ್ತವೆ. 2018ರ ಜೂನ್ 18ರ ಒಸಾಕಾ ಭೂಕಂಪದಲ್ಲಿ ಶಾಲೆಗೆ ನಡೆದು ಹೋಗುತ್ತಿದ್ದ ಬಾಲಕಿಯೊಬ್ಬಳು ಕಾಂಕ್ರೀಟ್ ಇಟ್ಟಿಗೆಯ ಆವರಣ ಗೋಡೆ ಕುಸಿದು ಮೃತಪಟ್ಟಳು. ಮೇಜಿನ ಕೆಳಗೆ ಕುಳಿತು ತಲೆಯನ್ನು ರಕ್ಷಿಸಿಕೊಂಡು, ಕಂಪನ ನಿಂತ ಮೇಲೆ ಬಾಗಿಲನ್ನು ತೆರೆದಿಟ್ಟು, ಒಲೆ ಆರಿಸುವುದು. ಮನೆ ಬಿಡುವುದಾದರೆ ವಿದ್ಯುತ್ತಿನ ಮುಖ್ಯ ಸ್ವಿಚ್ಚನ್ನು ಇಳಿಸಿ ಹೋಗುವುದು. 1995ರಲ್ಲಿ ಕೋಬೆಯಲ್ಲಿ ವಿದ್ಯುತ್ ಮರಳಿ ಬಂದಾಗ ಖಾಲಿ ಮನೆಗಳಲ್ಲಿ ಬೆಂಕಿ ಹೊತ್ತಿಕೊಂಡ ಪ್ರಕರಣಗಳು ಅನೇಕ. ಅಡುಗೆ ಅನಿಲದ ಮೀಟರ್ ಪ್ರಬಲ ಕಂಪನಕ್ಕೆ ತಾನಾಗಿಯೇ ಅನಿಲವನ್ನು ನಿಲ್ಲಿಸುತ್ತದೆ. ಅನಿಲದ ವಾಸನೆ ಇಲ್ಲವೆಂದು ಖಚಿತಪಡಿಸಿಕೊಂಡು ಮೀಟರಿನ ಗುಂಡಿ ಒತ್ತಿ ಸುಮಾರು ಮೂರು ನಿಮಿಷ ಕಾದರೆ ಮತ್ತೆ ಬರುತ್ತದೆ. ಒಲೆ ಕೆಟ್ಟಿದೆಯೆಂದು ಭಾವಿಸುವ ಹೊಸಬರಿಗಾಗಿ ಇದನ್ನು ಬರೆಯಲಾಗಿದೆ.

ಮೊದಲ ಕಂಪನವೇ ದೊಡ್ಡದೆಂದು ತಿಳಿಯಬಾರದು. 2016ರ ಏಪ್ರಿಲ್ 14ರ ರಾತ್ರಿ ಕುಮಾಮೊತೊದಲ್ಲಿ 6.5 ಪ್ರಮಾಣದ ಭೂಕಂಪವಾಯಿತು. ಮುಗಿಯಿತೆಂದು ಮನೆಗೆ ಮರಳಿದ ಕೆಲವರು 16ರ ಮುಂಜಾನೆಯ 7.3 ಪ್ರಮಾಣದ ಭೂಕಂಪದಲ್ಲಿ ಪ್ರಾಣ ಕಳೆದುಕೊಂಡರು. ಸುಮಾರು ಒಂದು ವಾರ ಅದೇ ಪ್ರಮಾಣದ ಕಂಪನವನ್ನು ನಿರೀಕ್ಷಿಸಿರಬೇಕೆಂಬುದು ಈಗಿನ ಅಧಿಕೃತ ಸೂಚನೆ.

ಆಶ್ರಯ ಸ್ಥಳಗಳಲ್ಲಿ ಎರಡು ಬಗೆ

ಸಮುದ್ರದ ಸಮೀಪ ಇರುವವರು ದೀರ್ಘವಾದ ಅಥವಾ ಪ್ರಬಲವಾದ ಕಂಪನದ ನಂತರ ಎಚ್ಚರಿಕೆಗಾಗಿ ಕಾಯದೆ ಎತ್ತರದ ಸ್ಥಳಕ್ಕೆ ಹೋಗತಕ್ಕದ್ದು. ಸುನಾಮಿ ಎಂಬ ಪದ ನಮ್ಮ ಜನರಿಗೆ 2004ರ ಡಿಸೆಂಬರ್ 26ರಿಂದ ಪರಿಚಿತ. ಮೊದಲ ಅಲೆ ಹಿಂದೆ ಸರಿದ ಮೇಲೆ ಮರಳಬಾರದು. ನಂತರದ ಅಲೆ ಇನ್ನೂ ದೊಡ್ಡದಿರಬಹುದು.

ಎಲ್ಲಿಗೆ ಹೋಗಬೇಕೆಂಬ ವಿಷಯದಲ್ಲಿ ಒಂದು ಭೇದವನ್ನು ಅರಿತಿರುವುದು ಅಗತ್ಯ. ‘ಹಿನಾನ್ ಬಾಶೊ’ ಎಂಬುದು ಆ ಕ್ಷಣದ ಅಪಾಯದಿಂದ ಪಾರಾಗುವ ಸ್ಥಳ. ಮೈದಾನ, ಗುಡ್ಡ ಅಥವಾ ಎತ್ತರದ ಕಟ್ಟಡ. ‘ಹಿನಾನ್‌ಜೊ’ ಎಂಬುದು ಮನೆ ಕಳೆದುಕೊಂಡವರು ಕೆಲವು ದಿನ ತಂಗುವ ಶಾಲೆ ಮುಂತಾದ ಕಟ್ಟಡ. ಎರಡೂ ಒಂದೇ ಅಲ್ಲ. 2011ರಲ್ಲಿ ಕಮಾಯಿಶಿ ನಗರದ ಉನೊಸುಮಾಯಿ ಎಂಬಲ್ಲಿ ಅನೇಕ ನಿವಾಸಿಗಳು ಸಮೀಪದ ವಿಪತ್ತು ನಿವಾರಣಾ ಕೇಂದ್ರದ ಕಟ್ಟಡಕ್ಕೆ ಧಾವಿಸಿದರು. ಅದು ಸುನಾಮಿಯಿಂದ ಪಾರಾಗಲು ಗೊತ್ತುಪಡಿಸಿದ ಸ್ಥಳವಾಗಿರಲಿಲ್ಲ. ಹೆಸರು ಹಾಗಿದ್ದುದರಿಂದ ಮತ್ತು ಅಣಕು ಪ್ರದರ್ಶನಗಳನ್ನು ಅಲ್ಲಿ ನಡೆಸುತ್ತಿದ್ದುದರಿಂದ ಜನರು ನಂಬಿದ್ದರು. ನೀರು ಕಟ್ಟಡವನ್ನು ತುಂಬಿ ಒಳಗಿದ್ದವರಲ್ಲಿ ಬಹುಪಾಲು ಜನರು ಮೃತಪಟ್ಟರು. ಇಂತಹ ಅನುಭವಗಳ ನಂತರ 2013ರಲ್ಲಿ ಕಾಯಿದೆಗೆ ತಿದ್ದುಪಡಿ ತಂದು, ಈ ಎರಡು ಬಗೆಯ ಸ್ಥಳಗಳನ್ನು ಪ್ರತ್ಯೇಕವಾಗಿ ಗೊತ್ತುಪಡಿಸಲಾಯಿತು. ಪಾರಾಗುವ ಸ್ಥಳದ ಫಲಕದ ಮೇಲೆ ಅದು ಯಾವ ವಿಪತ್ತಿಗೆ ಅನ್ವಯಿಸುತ್ತದೆ ಎಂಬ ಚಿತ್ರಗಳಿರುತ್ತವೆ. ಭೂಕಂಪಕ್ಕೆ ಸರಿಯಾದ ಸ್ಥಳ ಪ್ರವಾಹಕ್ಕೆ ಸರಿಯಿಲ್ಲದಿರಬಹುದು. ಊರಿಗೆ ಹೋದ ಮೊದಲ ಭಾನುವಾರವೇ ಈ ಎರಡೂ ಸ್ಥಳಗಳಿಗೆ ಒಮ್ಮೆ ನಡೆದು ಹೋಗಿ ಬರುವುದು.

ಮಳೆ ಮತ್ತು ಚಂಡಮಾರುತದ ಎಚ್ಚರಿಕೆಗಳು 1ರಿಂದ 5ರವರೆಗಿನ ಹಂತಗಳಲ್ಲಿ ಪ್ರಕಟವಾಗುತ್ತವೆ. 4ನೇ ಹಂತದೊಳಗೆ ಅಪಾಯದ ಸ್ಥಳವನ್ನು ಬಿಟ್ಟಿರಬೇಕು. 5ನೇ ಹಂತವೆಂದರೆ ವಿಪತ್ತು ಆಗಿರುವ ಅಥವಾ ಆಗುತ್ತಿರುವ ಹಂತ, ಅದಕ್ಕಾಗಿ ಕಾಯುವಂತಿಲ್ಲ.

ಬೀದಿಯ ಧ್ವನಿವರ್ಧಕಗಳಲ್ಲಿ ಸಂಜೆ ಒಂದು ಹಾಡಿನ ರಾಗ ಕೇಳಿಬರುವುದು ಅನೇಕ ಊರುಗಳಲ್ಲಿ ಇದೆ. ಇದು ಎಚ್ಚರಿಕೆಯ ಯಂತ್ರ ಸುಸ್ಥಿತಿಯಲ್ಲಿದೆಯೇ ಎಂಬ ದೈನಂದಿನ ಪರೀಕ್ಷೆಯೂ ಹೌದು. ಅದೇ ಧ್ವನಿವರ್ಧಕದಲ್ಲಿ ‘ನಿಗೆತೆ’ ಎಂದರೆ ಓಡಿ, ‘ತಕಾದಾಯಿ’ ಎಂದರೆ ಎತ್ತರದ ಜಾಗ, ‘ದಾನ್‌ಸುಯಿ’ ಎಂದರೆ ನೀರಿನ ಕಡಿತ, ‘ತೇಯಿದೆನ್’ ಎಂದರೆ ವಿದ್ಯುತ್ ಕಡಿತ. ಇಷ್ಟನ್ನಾದರೂ ಬಾಯಿಪಾಠ ಮಾಡಿರಬೇಕು.

ಆಹಾರ, ನೀರು ಮತ್ತು ನಗದು

ಒಬ್ಬರಿಗೆ ದಿನಕ್ಕೆ 3 ಲೀಟರಿನಂತೆ ಕನಿಷ್ಠ ಮೂರು ದಿನಗಳಿಗೆ, ಸಾಧ್ಯವಾದರೆ ಒಂದು ವಾರಕ್ಕೆ ಸಾಕಾಗುವಷ್ಟು ನೀರು ಮತ್ತು ಆಹಾರವನ್ನು ಮನೆಯಲ್ಲಿ ಇಟ್ಟಿರಬೇಕೆಂಬುದು ಅಲ್ಲಿನ ಸರ್ಕಾರದ ಸಲಹೆ. ಆಶ್ರಯ ಕೇಂದ್ರಗಳಲ್ಲಿ ದೊರೆಯುವ ಅನ್ನದ ಉಂಡೆ, ನೂಡಲ್ಸ್ ಮುಂತಾದವುಗಳಲ್ಲಿ ಮೀನಿನ ಸಾರ ಬೆರೆತಿರುವುದು ಸಾಮಾನ್ಯ. ಸಸ್ಯಾಹಾರಿಗಳು ಇದನ್ನು ಅರಿತು, ಬೆಂಕಿಯ ಅಗತ್ಯವಿಲ್ಲದ ಅವಲಕ್ಕಿ, ಹುರಿಗಡಲೆ, ಹುರಿಹಿಟ್ಟು, ಚಟ್ನಿಪುಡಿಗಳನ್ನು ಪ್ರತ್ಯೇಕ ಚೀಲದಲ್ಲಿ ಕಟ್ಟಿಡುವುದು. ಊರಿನಿಂದ ಬಂದ ಬುತ್ತಿ ಮೊದಲ ತಿಂಗಳಲ್ಲೇ ಮುಗಿಯುವುದು ವಾಡಿಕೆಯಾದ್ದರಿಂದ ಈ ಚೀಲವನ್ನು ಕೈಗೆಟುಕದ ಕಡೆ ಇಡುವುದು ಲೇಸು. ಪ್ರತಿ ವರ್ಷ ಸೆಪ್ಟೆಂಬರ್ 1ರಂದು ಅಲ್ಲಿ ವಿಪತ್ತು ನಿವಾರಣಾ ದಿನವನ್ನು ಆಚರಿಸುತ್ತಾರೆ. ಹಳೆಯದನ್ನು ಬಳಸಿ ಹೊಸದನ್ನು ತುಂಬಿಸಲು ಅದು ತಕ್ಕ ದಿನ.

2018ರ ಸೆಪ್ಟೆಂಬರ್ 6ರಂದು ಹೊಕ್ಕಾಯಿದೊ ದ್ವೀಪದಲ್ಲಿ ಭೂಕಂಪದ ಪರಿಣಾಮವಾಗಿ ಬಹುತೇಕ ಇಡೀ ದ್ವೀಪದಲ್ಲಿ ವಿದ್ಯುತ್ ನಿಂತುಹೋಯಿತು. ಕಾರ್ಡ್ ಮೂಲಕ ಪಾವತಿ ಮಾಡುವುದಕ್ಕೆ ಅಭ್ಯಾಸವಾದವರು ಅಂಗಡಿಯ ಮುಂದೆ ನಿಂತು ಏನನ್ನೂ ಕೊಳ್ಳಲಾಗಲಿಲ್ಲ. 1,000 ಯೆನ್ ನೋಟುಗಳು ಹಾಗೂ ಚಿಲ್ಲರೆ ನಾಣ್ಯಗಳನ್ನು ನಗದಾಗಿ ಇಟ್ಟಿರಬೇಕು.

ಊರಿಗೆ ಕ್ಷೇಮ ಸಮಾಚಾರ

2011ರಲ್ಲಿ ಜಪಾನಿನ ದೂರವಾಣಿ ಸಂಸ್ಥೆಗಳು ಮೊಬೈಲ್ ಧ್ವನಿ ಕರೆಗಳ ಮೇಲೆ ಗರಿಷ್ಠ ಶೇಕಡ 70ರಿಂದ 95ರವರೆಗೆ ನಿರ್ಬಂಧ ವಿಧಿಸಿದ್ದವು. ಅಂತರಜಾಲದ ಸಂದೇಶಗಳ ಮೇಲೆ ಇದ್ದ ನಿರ್ಬಂಧ ಬಹಳ ಕಡಿಮೆ. ಆದುದರಿಂದ ಕರೆ ಮಾಡಲು ಯತ್ನಿಸದೆ ಒಂದು ಸಾಲಿನ ಸಂದೇಶ ಕಳುಹಿಸುವುದು: ಎಲ್ಲಿದ್ದೇನೆ, ಹೇಗಿದ್ದೇನೆ, ಮುಂದಿನ ಸಂದೇಶ ಯಾವಾಗ. ಮನೆಯಲ್ಲಿ ಒಬ್ಬರನ್ನು ಗೊತ್ತುಪಡಿಸಿ ಅವರಿಗೆ ಮಾತ್ರ ಕಳುಹಿಸುವುದು. ಉಳಿದ ಬಂಧುಗಳು ಅವರನ್ನು ಕೇಳುವುದು. ಚಿಕ್ಕಪ್ಪ, ಸೋದರಮಾವ, ನೆರೆಯವರು ಎಲ್ಲರೂ ಒಮ್ಮೆಗೇ ಕರೆ ಮಾಡಿದಲ್ಲಿ ಆ ಫೋನಿನ ಬ್ಯಾಟರಿ ಮುಗಿಯುವುದಷ್ಟೇ ಫಲ. ಜಪಾನಿನ ಸಮಯ ನಮ್ಮದಕ್ಕಿಂತ ಮೂರೂವರೆ ಗಂಟೆ ಮುಂದಿದೆ.

ಜಪಾನಿನೊಳಗೆ 171 ಸಂಖ್ಯೆಗೆ ಕರೆ ಮಾಡಿ ಧ್ವನಿ ಸಂದೇಶವನ್ನು ದಾಖಲಿಸುವ, ಕೇಳುವ ವ್ಯವಸ್ಥೆ ದೊಡ್ಡ ವಿಪತ್ತಿನಲ್ಲಿ ತೆರೆಯುತ್ತದೆ. ಇದರ ಅಂತರಜಾಲ ರೂಪವೂ ಇದೆ. ಪ್ರತಿ ತಿಂಗಳ 1 ಮತ್ತು 15ರಂದು ಅಭ್ಯಾಸಕ್ಕಾಗಿ ಬಳಸಬಹುದು. ತುರ್ತು ಸಂದರ್ಭದಲ್ಲಿ ಅಗ್ನಿಶಾಮಕ ಮತ್ತು ಆಂಬ್ಯುಲೆನ್ಸ್‌ಗೆ 119, ಪೊಲೀಸರಿಗೆ 110.

ಊರಿನವರು ದೂರದರ್ಶನ ವಾಹಿನಿಗಳಲ್ಲಿ ಕಾಣುವ ದೃಶ್ಯಗಳಿಂದ ಗಾಬರಿಯಾಗಬಾರದು. ಹಳೆಯ ಸುನಾಮಿಯ ಚಿತ್ರಗಳು ಹೊಸ ಸುದ್ದಿಯೊಂದಿಗೆ ಮರುಪ್ರಸಾರವಾಗುವುದುಂಟು. ಕುಮಾಮೊತೊ ಭೂಕಂಪದ ಸಮಯದಲ್ಲಿ ಮೃಗಾಲಯದಿಂದ ಸಿಂಹ ತಪ್ಪಿಸಿಕೊಂಡಿದೆ ಎಂದು ಸುಳ್ಳು ಚಿತ್ರವನ್ನು ಹರಡಿದ ವ್ಯಕ್ತಿಯನ್ನು ಪೊಲೀಸರು ಬಂಧಿಸಿದರು.

ಹಾನಿಯ ಪ್ರಮಾಣಪತ್ರ, ಪರಿಹಾರ ಮತ್ತು ವಿಮೆ

ಈ ಭಾಗವನ್ನು ಅರ್ಜಿದಾರರು ವಿಶೇಷವಾಗಿ ಗಮನಿಸತಕ್ಕದ್ದು. ಮನೆಗೆ ಹಾನಿಯಾದಲ್ಲಿ ಪೌರ ಕಛೇರಿಯು ಪರಿಶೀಲನೆ ನಡೆಸಿ ‘ರಿಸಾಯಿ ಶೋಮೇಯಿಶೊ’ ಎಂಬ ಪ್ರಮಾಣಪತ್ರವನ್ನು ನೀಡುತ್ತದೆ. ಸಹಾಯಧನ, ತಾತ್ಕಾಲಿಕ ವಸತಿ, ತೆರಿಗೆ ಹಾಗೂ ಶುಲ್ಕ ವಿನಾಯಿತಿ ಮುಂತಾದ ಸೌಲಭ್ಯಗಳಿಗೆ ಇದೇ ಆಧಾರ. ಸ್ವಚ್ಛಗೊಳಿಸುವ ಮುನ್ನ ಮನೆಯ ಹೊರಭಾಗವನ್ನು ನಾಲ್ಕೂ ದಿಕ್ಕಿನಿಂದ ಹಾಗೂ ಒಳಗಿನ ಪ್ರತಿ ಕೋಣೆಯನ್ನು ಛಾಯಾಚಿತ್ರ ತೆಗೆದಿಡಬೇಕು. ಅಚ್ಚುಕಟ್ಟಾಗಿ ಗುಡಿಸಿ ತೊಳೆದ ಮೇಲೆ ಹಾನಿಯನ್ನು ತೋರಿಸುವುದು ಕಷ್ಟ.

ಕಾಯಿದೆ ಅನ್ವಯವಾಗುವ ಪ್ರಮಾಣದ ವಿಪತ್ತಿನಲ್ಲಿ ಮನೆ ಸಂಪೂರ್ಣ ನಾಶವಾದ ಕುಟುಂಬಕ್ಕೆ ಮೂಲ ಸಹಾಯಧನ 10 ಲಕ್ಷ ಯೆನ್, ಹಾಗೂ ಹೊಸ ವಸತಿಯ ಬಗೆಯನ್ನು ಅವಲಂಬಿಸಿ ಹೆಚ್ಚುವರಿ ಮೊತ್ತ ದೊರೆಯುತ್ತದೆ. ಬಾಡಿಗೆ ಮನೆಗೆ ಹೋಗುವವರಿಗೆ ಈ ಹೆಚ್ಚುವರಿ ಮೊತ್ತ 5 ಲಕ್ಷ ಯೆನ್. ಒಬ್ಬರೇ ವಾಸಿಸುತ್ತಿದ್ದಲ್ಲಿ ಮೇಲ್ಕಂಡ ಮೊತ್ತಗಳ ಮುಕ್ಕಾಲು ಭಾಗ. ಬಾಡಿಗೆದಾರರೂ ಇದಕ್ಕೆ ಅರ್ಹರು; ಮನೆ ತಮ್ಮದಲ್ಲವಲ್ಲ ಎಂದು ಅರ್ಜಿ ಸಲ್ಲಿಸದೆ ಬಿಡಬಾರದು. ವಿಪತ್ತಿನಲ್ಲಿ ನಿವಾಸಿಯು ಮೃತಪಟ್ಟಲ್ಲಿ ಕುಟುಂಬಕ್ಕೆ ನೀಡುವ ಸಾಂತ್ವನ ಧನವು ಮೃತರು ಮನೆಯ ಆಧಾರವಾಗಿದ್ದಲ್ಲಿ 50 ಲಕ್ಷ ಯೆನ್‌ವರೆಗೆ, ಇತರರಿಗೆ 25 ಲಕ್ಷ ಯೆನ್‌ವರೆಗೆ ಇದೆ. ಈ ಕಾಯಿದೆಯಲ್ಲಿ ಆಧಾರವಾಗಿರುವುದು ಆ ಊರಿನ ನಿವಾಸಿ ಎಂಬ ಅಂಶ. ಇಲ್ಲಿಯೂ ಮೊದಲು ಕೇಳುವುದು ವಿಳಾಸದ ದಾಖಲೆಯನ್ನೇ.

ಇನ್ನು ವಿಮೆ. ಬಾಡಿಗೆ ಕರಾರಿನ ಸಮಯದಲ್ಲಿ ಮಾಲೀಕರು ಸಾಮಾನ್ಯವಾಗಿ ಅಗ್ನಿ ವಿಮೆಯನ್ನು ಮಾಡಿಸುತ್ತಾರೆ. ಈ ಪಾಲಿಸಿಯು ಭೂಕಂಪದಿಂದ ಆದ ಹಾನಿಗೆ ಅನ್ವಯಿಸುವುದಿಲ್ಲ. ಅಷ್ಟೇ ಅಲ್ಲ, ಭೂಕಂಪದ ಕಾರಣದಿಂದ ಹೊತ್ತಿದ ಬೆಂಕಿಗೂ ಅನ್ವಯಿಸುವುದಿಲ್ಲ. ಭೂಕಂಪ ವಿಮೆಯನ್ನು ಅಗ್ನಿ ವಿಮೆಯೊಂದಿಗೆ ಜೋಡಿಸಿ ಪ್ರತ್ಯೇಕವಾಗಿ ಪಡೆಯಬೇಕು; ಅದೊಂದನ್ನೇ ಪಡೆಯಲು ಅವಕಾಶವಿಲ್ಲ. 1964ರ ನಿಗಾತಾ ಭೂಕಂಪದ ನಂತರ 1966ರಲ್ಲಿ ಸರ್ಕಾರದ ಮರುವಿಮೆಯೊಂದಿಗೆ ಆರಂಭವಾದ ಯೋಜನೆ ಇದು. ವಿಮಾ ಮೊತ್ತವು ಅಗ್ನಿ ವಿಮೆಯ ಮೊತ್ತದ ಶೇಕಡ 30ರಿಂದ 50ರಷ್ಟು ಇರುತ್ತದೆ. ಗೃಹೋಪಯೋಗಿ ವಸ್ತುಗಳಿಗೆ ಗರಿಷ್ಠ 1 ಕೋಟಿ ಯೆನ್. ಬಾಡಿಗೆದಾರರು ವಸ್ತುಗಳಿಗೆ ಮಾತ್ರ ಪಡೆದರೆ ಸಾಕು. ಹಾನಿಯನ್ನು ನಾಲ್ಕು ದರ್ಜೆಗಳಾಗಿ ವಿಂಗಡಿಸಿ ವಿಮಾ ಮೊತ್ತದ ಶೇಕಡ 100, 60, 30 ಅಥವಾ 5ರಷ್ಟನ್ನು ಪಾವತಿಸಲಾಗುತ್ತದೆ. ಅಂದರೆ ಒಂದೊಂದು ವಸ್ತುವಿನ ಬಿಲ್ಲನ್ನು ಹುಡುಕುವ ಅಗತ್ಯವಿಲ್ಲ, ಆದರೆ ಪೂರ್ಣ ನಷ್ಟ ತುಂಬಿಬರುತ್ತದೆಂಬ ನಿರೀಕ್ಷೆಯೂ ಸಲ್ಲದು. ಮೂರು ವರ್ಷಕ್ಕಾಗಿ ಹೋದ ಅವಿವಾಹಿತರ ಕೋಣೆಯಲ್ಲಿ ಬೆಲೆಬಾಳುವ ವಸ್ತು ಕಡಿಮೆ ಇರುವುದರಿಂದ, ಅವರು ಇದನ್ನು ಪಡೆಯದಿದ್ದರೂ ನಡೆಯುತ್ತದೆ ಎಂಬುದು ಲೆಕ್ಕ ನೋಡಿದವರ ಅಭಿಪ್ರಾಯ. ಕುಟುಂಬ ಸಮೇತರಾಗಿ ನೆಲೆಸಿದವರಿಗೆ ಇದು ಅವಶ್ಯಕ.

ಕೆಲಸದ ವೇಳೆಯಲ್ಲಿ ಗಾಯಗೊಂಡವರಿಗೆ ಕಾರ್ಮಿಕರ ಅಪಘಾತ ವಿಮೆ ರಾಷ್ಟ್ರೀಯತೆಯ ಭೇದವಿಲ್ಲದೆ ಅನ್ವಯಿಸುತ್ತದೆ. ಪಾಸ್‌ಪೋರ್ಟ್ ಕಳೆದುಹೋದಲ್ಲಿ ಪೊಲೀಸ್ ಠಾಣೆಯ ವರದಿಯೊಂದಿಗೆ ರಾಯಭಾರ ಕಛೇರಿಯನ್ನು, ನಿವಾಸದ ಚೀಟಿ ಕಳೆದುಹೋದಲ್ಲಿ 14 ದಿನಗಳೊಳಗೆ ವಲಸೆ ಕಛೇರಿಯನ್ನು ಸಂಪರ್ಕಿಸುವುದು.

ಮರಳಿ ಬರುವಾಗ

ಜಪಾನನ್ನು ಶಾಶ್ವತವಾಗಿ ಬಿಟ್ಟು ಬರುವವರು ಪೌರ ಕಛೇರಿಯಲ್ಲಿ ನಿರ್ಗಮನವನ್ನು ದಾಖಲಿಸಿ, ರಾಯಭಾರ ಕಛೇರಿಯ ನೋಂದಣಿಯನ್ನು ರದ್ದುಪಡಿಸಿಕೊಂಡು ಬರತಕ್ಕದ್ದು. ಊರಿಗೆ ಬಂದು ಸುಖವಾಗಿರುವವರ ಹೆಸರು ಅಲ್ಲಿನ ಪಟ್ಟಿಯಲ್ಲಿ ಉಳಿದಿದ್ದರೆ, ಮುಂದೆ ಆ ಭಾಗದಲ್ಲಿ ವಿಪತ್ತು ಸಂಭವಿಸಿದಾಗ ಅವರನ್ನು ಹುಡುಕುವುದರಲ್ಲಿ ಸಿಬ್ಬಂದಿಯ ಸಮಯ ವ್ಯಯವಾಗುತ್ತದೆ. ಅದೇ ಸಮಯ ನಿಜವಾಗಿ ಸಿಲುಕಿರುವ ಇನ್ನೊಬ್ಬರಿಗೆ ಬೇಕಾಗಿರುತ್ತದೆ.